ಎಡಗಡೆ ಸೀಟಿನ ತೂಕ

ಗಾಡಿ ಎತ್ತರ ಮಾಡಿಸಬೇಕೆಂದು ಹೋದ ಗ್ಯಾರೇಜಿನ ಬಾಗಿಲಲ್ಲೇ ಗಾಡಿ ಹೊಟ್ಟೆ ಊರಿ ಕೂತುಬಿಟ್ಟಿತು.

ಗೇಟಿಗೆ ಅಡ್ಡಲಾಗಿ, ಮಳೆನೀರು ಒಳಗೆ ನುಗ್ಗದಿರಲಿ ಎಂದು ಕಟ್ಟಿದ್ದ ಸಿಮೆಂಟಿನ ದಿಬ್ಬ. ಬೆಳಗಿನಿಂದ ಸ್ಕೂಟರು, ಕಾರು, ಹಾಲಿನ ವ್ಯಾನು ಎಲ್ಲವೂ ಅದನ್ನು ಹತ್ತಿ ಇಳಿದಿದ್ದವು. ಬೆಟ್ಟ ಹತ್ತುವ ಜೀಪು ಮಾತ್ರ ಮುಂದಿನ ಚಕ್ರ ದಾಟಿಸಿ, ಕರ್ರ್ ಎಂದು ಹಲ್ಲು ಕಡಿದು, ನಟ್ಟನಡುವೆ ಸಿಕ್ಕಿಕೊಂಡಿತು. ಆಕ್ಸಿಲರೇಟರ್ ಒತ್ತಿದರೆ ಒಂದು ಚಕ್ರ ನೆಲ ಸಿಗದೆ ಸುಮ್ಮನೆ ತಿರುಗಿತು. ಎದುರಿನ ಗೋಡೆಯ ಮೇಲೆ ಇಂಥದ್ದೇ ಜೀಪೊಂದು ಬಂಡೆಯಿಂದ ಬಂಡೆಗೆ ನೆಗೆಯುತ್ತಿರುವ ಆಳೆತ್ತರದ ಬಣ್ಣದ ಚಿತ್ರವಿತ್ತು. ಎರಡನ್ನೂ ಒಟ್ಟಿಗೆ ನೋಡುವ ಭಾಗ್ಯ ಗ್ಯಾರೇಜಿನಲ್ಲಿದ್ದವರಿಗೆಲ್ಲ ಸಿಕ್ಕಿತು.

“ಏನಕ್ಕಾ, ಬಾಗಿಲಲ್ಲೇ ಧರಣಿ ಕೂತ್ರಿ?” ಎಂದ ಟೈರಿಗೆ ಗಾಳಿ ಹಾಕುತ್ತಿದ್ದವನು.

ಒಳಗಿನಿಂದ ಮೇಸ್ತ್ರಿ ಬಂದ. ಗಾಡಿಯ ಭಾರ ಹೊರುವ ಕಮಾನುಪಟ್ಟಿಗಳನ್ನು ಬಿಚ್ಚುವುದು, ಕಟ್ಟುವುದು, ಇದರಲ್ಲೇ ತಲೆ ನರೆಸಿಕೊಂಡವನು. ಎಲ್ಲರ ಬಾಯಲ್ಲೂ ಪಟ್ಟಿ ಮೇಸ್ತ್ರಿ. ಮಂಡಿಯೂರಿ ಅಡಿಯಲ್ಲಿ ಇಣುಕಿ, “ಏನಿಲ್ಲ, ಎಡಗಡೆ ಕೂತಿರೋರು ಒಂದ್ನಿಮಿಷ ಇಳೀಲಿ. ಗಾಡಿ ತಾನಾಗೇ ಏಳುತ್ತೆ” ಎಂದ.

ಎಡಗಡೆ ಕೂತಿದ್ದವಳು ಪುಟ್ಟಿ. ಎಳವೆಯಲ್ಲಿ ಅಂಟಿದ ಆ ಹೆಸರನ್ನು ಮೈ ಎಂದೋ ಸುಳ್ಳು ಮಾಡಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಗಿ ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು. ಅಷ್ಟರಲ್ಲಿ ಸ್ಟೇರಿಂಗ್ ಬಿಟ್ಟು ಬಂದ ಅತ್ತಿಗೆಯ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ಬಿಸಿಲಲ್ಲಿ ಅಷ್ಟು ಹೊತ್ತು ಓಡಿಸಿಕೊಂಡು ಬಂದ ಕೈ, ಆದರೂ ತಣ್ಣಗಿತ್ತು.

“ಇಳೀಬೇಡ.”

“ಅತ್ತಿಗೆ, ಎಲ್ರೂ ನೋಡ್ತಿದ್ದಾರೆ.”

“ನೋಡ್ಲಿ. ಯಾರೂ ಇಳಿಯೋದು ಬೇಡ.”

ಕೊನೆಗೆ ಹಲಗೆ ಕೊಟ್ಟು, ಜ್ಯಾಕ್ ಕೊಟ್ಟು, ನಾಲ್ಕಾರು ಜನ ಹಿಂದಿನಿಂದ ಹೆಗಲು ಕೊಟ್ಟು ನೂಕಿದರು. ಪುಟ್ಟಿ ಸಿಂಹಾಸನದ ಮೇಲಿದ್ದಂತೆ ನೆಟ್ಟಗೆ ಕೂತೇ ದಿಬ್ಬ ದಾಟಿದಳು. “ತೂಕದ ಗಿರಾಕಿ ಕಣ್ರೋ” ಎಂದು ಯಾರೋ ಗೊಣಗಿದ್ದು ಕೇಳಿಸಿತು. ಬೇರೆ ದಿನವಾಗಿದ್ದರೆ ಅವಳು ತಿರುಗಿ ನಾಲ್ಕು ಮಾತು ಕೊಡುತ್ತಿದ್ದಳು. ಇವತ್ತು ಕೊಡಲಿಲ್ಲ. ಅತ್ತಿಗೆ ಯಾಕೆ ಇಳಿಯಬೇಡ ಅಂದಳು ಎನ್ನುವುದು ಅವಳಿಗೆ ಗೊತ್ತಿತ್ತು.

ಅತ್ತಿಗೆಯನ್ನು ಪೇಟೆಯಲ್ಲಿ ಎಲ್ಲರೂ ಕರೆಯುವುದು ಡೀಸೆಲಕ್ಕ ಎಂದು. ಬೆಟ್ಟದ ತುದಿಯ ಮೊಬೈಲ್ ಟವರಿಗೆ ಕರೆಂಟು ಅರ್ಧ ದಿನ ಬರುತ್ತದೆ, ಉಳಿದರ್ಧ ಜನರೇಟರೇ ಗತಿ. ಆ ಜನರೇಟರಿಗೆ ಡೀಸೆಲ್ ಹೊತ್ತು ಹಾಕುವುದು, ಬ್ಯಾಟರಿಗಳ ನೀರು ನೋಡುವುದು, ಇಲಿ ಕಡಿದ ಕೇಬಲಿಗೆ ಟೇಪು ಸುತ್ತುವುದು ಅವಳ ಕೆಲಸ. ಕೆಳಗೆ ಪೇಟೆಯಲ್ಲಿ ಯಾರು ಯಾರೊಂದಿಗೆ ಫೋನಿನಲ್ಲಿ ಮುದ್ದು ಮಾತಾಡಿದರೂ, ಜಗಳ ಆಡಿದರೂ, ಅದರ ಹಿಂದೆ ಡೀಸೆಲಕ್ಕನ ಒಂದು ಕ್ಯಾನು ಇರುತ್ತಿತ್ತು. “ಉಳಿದವರ ಹೆಂಡತಿಗೆ ಬೇಜಾರಾದ್ರೆ ತವರಿಗೆ ಹೋಗ್ತಾರೆ, ನನ್ನ ಹೆಂಡತಿ ಟವರಿಗೆ ಹೋಗ್ತಾಳೆ” ಎಂದು ಪುಟ್ಟಿಯ ಅಣ್ಣ ಎಲ್ಲರ ಮುಂದೆ ಹೇಳಿ ತಾನೇ ಮೊದಲು ನಗುತ್ತಿದ್ದ.

ಅತ್ತಿಗೆ ಲಾರಿ ಡ್ರೈವರಿನ ಮಗಳು. ಕಾಲಿಗೆ ಪೆಡಲ್ ಎಟುಕಿದ ದಿನದಿಂದ ಗಾಡಿ ಓಡಿಸಿದವಳು. ಅಣ್ಣನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಒಂದೇ ಒಂದು ಸಲ ಕಲಿಯಲು ಹೋಗಿ, ಕಣ್ಣು ಮುಂದಕ್ಕೂ ಗೇರು ಹಿಂದಕ್ಕೂ ಇಟ್ಟುಕೊಂಡು, ಮನೆಯ ಕಾಂಪೌಂಡನ್ನು ಮನೆಯ ಒಳಕ್ಕೇ ತಂದಿದ್ದ. ಅಂದಿನಿಂದ ಅವನ ಜಾಗ ಎಡಗಡೆಯ ಸೀಟು. ಬೆಟ್ಟದ ಮೇಲೆ ಕ್ಯಾನುಗಳನ್ನು ಎತ್ತಿ ಇಳಿಸುವುದಷ್ಟೇ ಅವನ ಪಾಲಿನ ಕೆಲಸ. “ನಾನು ಮಾಲೀಕ, ಇವಳು ಡ್ರೈವರು” ಎಂದು ಅವನು. “ನಾನು ಡ್ರೈವರು, ಇವರು ಲಗೇಜು” ಎಂದು ಅವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತ ಪುಟ್ಟಿ ಇಬ್ಬರ ಮಾತಿಗೂ ನಗುತ್ತ ಸೂಜಿಗೆ ದಾರ ಪೋಣಿಸುತ್ತಿದ್ದಳು. ಲಗೇಜಿನ ಅಳತೆ ಅವಳಷ್ಟು ಬಲ್ಲವರಿರಲಿಲ್ಲ. ಅಣ್ಣನ ಅಂಗಿಗಳ ಪಕ್ಕದ ಹೊಲಿಗೆಯನ್ನು ಆಗಾಗ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಬಿಡುಗಡೆ ಮಾಡುತ್ತಿದ್ದವಳು ಅವಳೇ.

ಬೆಟ್ಟದ ದಾರಿಯ ಅರ್ಧದಲ್ಲಿ, ಎಡಕ್ಕೆ ಗೋಡೆಯಂಥ ದಿಣ್ಣೆ, ಬಲಕ್ಕೆ ಕಣಿವೆ ಇರುವ ಕಡೆ, ದಾರಿಗೆ ಅಡ್ಡಲಾಗಿ ಎಮ್ಮೆ ಮಲಗಿದಂಥ ಒಂದು ಬಂಡೆ. ಪ್ರತಿ ಮಳೆಗಾಲವೂ ಅದರ ಸುತ್ತಲಿನ ಮಣ್ಣನ್ನು ತೊಳೆದುಕೊಂಡು ಹೋಗುತ್ತಿತ್ತು. “ಬಂಡೆ ಬೆಳೀತಿದೆ ಕಣೆ” ಎಂದು ಅಣ್ಣ. “ಬೆಳೀತಿರೋದು ಬಂಡೆ ಅಲ್ಲ” ಎಂದು ಅತ್ತಿಗೆ. ಅಣ್ಣ ಕೂತಿದ್ದರೆ ಜೀಪು ಎಡಕ್ಕೆ ಕುಸಿದು, ಅಡಿಭಾಗ ಬಂಡೆಗೆ ತಾಗುತ್ತಿತ್ತು. ಹಾಗಾಗಿ ಅಲ್ಲಿ ಗಾಡಿ ನಿಲ್ಲಿಸಿ ಅತ್ತಿಗೆ, “ಲಗೇಜ್ ಇಳೀಬೇಕು” ಎನ್ನುತ್ತಿದ್ದಳು. ಅವನು ಇಳಿಯುತ್ತಿದ್ದ. ಜೀಪು ಬಂಡೆ ದಾಟಿ, ಮೇಲಿನ ತಿರುವಿನಲ್ಲಿ ನಿಲ್ಲುತ್ತಿತ್ತು. ಅತ್ತಿಗೆ ಅಡ್ಡ ಬಾಗಿ ಎಡಗಡೆಯ ಬಾಗಿಲು ತೆಗೆಯುತ್ತಿದ್ದಳು. ಅವನು ಏದುಸಿರು ಬಿಡುತ್ತ ಬಂದು ಧಡಕ್ಕನೆ ಕೂತಾಗ ಗಾಡಿ ಅವನ ಕಡೆ ವಾಲುತ್ತಿತ್ತು. ಹೊರಡು ಎಂದು ಹೇಳುವ ಅಗತ್ಯವೇ ಇರಲಿಲ್ಲ, ಆ ವಾಲಿಕೆಯೇ ಸಿಗ್ನಲ್ಲು.

ಕೊನೆಯ ಸಲ ಅಣ್ಣ ಇಳಿಯಲು ತಡ ಮಾಡಿದ್ದ.

“ಇವತ್ತು ಯಾಕೋ ಎದೆ ಹಿಡ್ಕೊಂಡ ಹಾಗಿದೆ ಕಣೆ. ಕೂತೇ ಇರ್ಲಾ?”

“ಕಡಿಮೆ ತಿನ್ನಿ ಅಂದ್ರೆ ಕೇಳಲ್ಲ. ಅಡಿ ಒಡೆದ್ರೆ ಗಾಡಿ ಇಲ್ಲೇ ಬಿಟ್ಟು ಹೋಗ್ಬೇಕಾಗುತ್ತೆ. ಇಳೀರಿ, ಇಳೀರಿ.”

ಅವನು ಇಳಿದ. ಮೇಲಿನ ತಿರುವಿನಲ್ಲಿ ಅವಳು ಕಾದಳು, ಹಾರ್ನ್ ಹೊಡೆದಳು. ಅವನು ನಿಧಾನಕ್ಕೆ ಬಂದು ಕೂತ. ಆ ದಿನ ಒಂದೂ ಜೋಕು ಹೇಳಲಿಲ್ಲ. ಮನೆಗೆ ಬಂದು ನೀರು ಕುಡಿದು ಮಲಗಿದ. ಮಧ್ಯಾಹ್ನದ ಚಹಾ ತೆಗೆದುಕೊಂಡು ಎಬ್ಬಿಸಲು ಹೋದವಳು ಪುಟ್ಟಿ. ಚಹಾ ಅವಳ ಕೈಯಲ್ಲೇ ಆರಿತು.

“ಕುರ್ಚೀಲಿ ಸುಮ್ನೆ ಕೂತಿದ್ರೂ ಆಗೋದೇ ಇತ್ತು” ಎಂದು ಡಾಕ್ಟರು ಸಮಾಧಾನ ಹೇಳಿದರು. ಅತ್ತಿಗೆಗೆ ಅದರಲ್ಲಿ ಕೇಳಿಸಿದ್ದು ಒಂದೇ ಮಾತು. “ಕೂತಿದ್ರೂ ಅಂದ್ರಲ್ಲ, ಕೂತಿದ್ರೂ” ಎಂದು ದಿನಗಟ್ಟಲೆ ಗೋಡೆಗೆ ಹೇಳಿಕೊಂಡಳು. ಬಂದು ಮಾತಾಡಿಸಿದವರಿಗೆಲ್ಲ, “ನಾನೇ ಇಳಿಸಿದ್ದು” ಎಂದಳು. ನಿಮ್ಮ ತಪ್ಪಲ್ಲ ಅತ್ತಿಗೆ ಎಂಬ ಮಾತು ಪುಟ್ಟಿಯ ನಾಲಿಗೆಯ ತುದಿಯವರೆಗೂ ಬಂದು, ಅಲ್ಲಿಂದ ವಾಪಸು ಹೋಗುತ್ತಿತ್ತು. ಅವಳ ಒಳಗಿನ ಒಂದು ಮೂಲೆಯೂ ಅದನ್ನೇ ಕೇಳುತ್ತಿತ್ತಲ್ಲ: ಯಾಕೆ ಇಳಿಸಿದ್ರಿ?

ಅತ್ತಿಗೆ ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಆದರೆ ಮನೆಯ ಮುಂದೆ ನಿಂತ ಜೀಪು ನೆಟ್ಟಗೆ ನಿಲ್ಲಲಿಲ್ಲ. ಖಾಲಿ ಇದ್ದರೂ ಎಡಕ್ಕೇ ವಾಲುತ್ತಿತ್ತು, ಒಳಗೆ ಯಾರೋ ಕೂತು ಕಾಯುತ್ತಿರುವಂತೆ. ಎದುರಿನ ಅಂಗಡಿಯವನು ಮೊದಮೊದಲು ಆ ಬಗ್ಗೆ ಏನೋ ಹೇಳಿ ನಗುತ್ತಿದ್ದ. ಆಮೇಲೆ ಅವನೂ ಅತ್ತ ನೋಡುವುದನ್ನು ಬಿಟ್ಟ. ಪುಟ್ಟಿ ಮಿಷನ್ ತುಳಿಯುತ್ತ ಕಿಟಕಿಯಿಂದ ನೋಡುತ್ತಿದ್ದಳು. ಸಂಜೆಯ ಬಿಸಿಲು ಇಳಿದು ಸೀಟಿನ ರೆಕ್ಸಿನ್ ತಣ್ಣಗಾಗುವಾಗ ಒಂದು ಉಸಿರಿನ ಸದ್ದು ಬರುತ್ತಿತ್ತು. ರೆಕ್ಸಿನ್ನಿನದ್ದೇ ಸದ್ದು. ಅವಳಿಗೂ ಗೊತ್ತಿತ್ತು. ಆದರೂ ಮಿಷನ್ನಿನ ಮೇಲಿನ ಕಾಲು ನಿಲ್ಲುತ್ತಿತ್ತು.

ಒಂದು ಬೆಳಗ್ಗೆ, “ನಿಮಗೊಬ್ಬರಿಗೇ ಕ್ಯಾನು ಎತ್ತೋದು ಕಷ್ಟ, ನಾನೂ ಬರ್ತೀನಿ” ಎಂದು ಪುಟ್ಟಿ ಜೊತೆಗೆ ಹೊರಟಳು. ಮುಂದೆ ಹತ್ತಲು ಹೋದರೆ ಅತ್ತಿಗೆ, “ಹಿಂದೆ ಕೂತ್ಕೋ” ಎಂದಳು. ಪುಟ್ಟಿ ಹಿಂದೆ ಹೋಗಿ ಕ್ಯಾನುಗಳ ನಡುವೆ ಕೂತಳು. ದಾರಿಯುದ್ದಕ್ಕೂ ಮಂಜು. ಬಂಡೆಯ ಹತ್ತಿರ ಜೀಪು ನಿಂತಿತು. ಅತ್ತಿಗೆ ಅಡ್ಡ ಬಾಗಿ ಎಡಗಡೆಯ ಬಾಗಿಲು ತೆಗೆದಳು. ತೆರೆದ ಬಾಗಿಲಿನಿಂದ ಮಂಜು ಒಳಗೆ ಬಂದು, ಸೀಟಿನ ಮೇಲೆ ಸ್ವಲ್ಪ ಹೊತ್ತು ಇದ್ದು, ಹೊರಗೆ ಹೋಯಿತು. ಅತ್ತಿಗೆ ಬಾಗಿಲು ಹಾಕಿದಳು. ಜೀಪು ಅಡಿ ಕೆರೆಸಿಕೊಳ್ಳುತ್ತ ಬಂಡೆ ದಾಟಿತು. ಮೇಲಿನ ತಿರುವಿನಲ್ಲಿ ಮತ್ತೆ ನಿಂತಿತು, ಮತ್ತೆ ಬಾಗಿಲು ತೆರೆಯಿತು. ಈ ಸಲ ಕಾಯುವುದು ಮುಗಿಯಲೇ ಇಲ್ಲ. ಮಂಡಿ ನೋವಿರುವ ದಪ್ಪ ಮನುಷ್ಯನೊಬ್ಬ ಆ ಏರು ಹತ್ತಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಅದರ ಮೇಲೂ ಒಂದಷ್ಟು ಹೊತ್ತು, ಅತ್ತಿಗೆ ಸ್ಟೇರಿಂಗ್ ಹಿಡಿದು ಮುಂದಿನ ಗಾಜನ್ನೇ ನೋಡುತ್ತ ಕೂತಳು. ಆಮೇಲೆ ಜೀಪು ಎಡಕ್ಕೆ ಒಂಚೂರು ಕುಸಿದಂತಾಯಿತು. ಕುಸಿಯಿತೋ, ಹಿಂದೆ ಕೂತ ತಾನೇ ಮಗ್ಗುಲು ಬದಲಿಸಿದೆನೋ, ಪುಟ್ಟಿಗೆ ಇವತ್ತಿಗೂ ಗೊತ್ತಿಲ್ಲ. ಅತ್ತಿಗೆ ಬಾಗಿಲು ಎಳೆದುಕೊಂಡು ಗೇರು ಹಾಕಿದಳು.

ಮೇಲೆ ಹೋಗಿ ಕ್ಯಾನು ಇಳಿಸುವಾಗ ಪುಟ್ಟಿ ಎಡಗಡೆಯ ಸೀಟಿನ ಪಕ್ಕ ಹಾಯಲಿಲ್ಲ, ಸುತ್ತು ಬಳಸಿ ಹೋದಳು.

ಕಾಯುವುದು ದಿನದಿಂದ ದಿನಕ್ಕೆ ಉದ್ದವಾಯಿತು. ಬೆಳಗ್ಗೆ ಹೋದ ಅತ್ತಿಗೆ ಬಿಸಿಲು ಇಳಿಯುವ ಹೊತ್ತಿಗೆ ಬರುತ್ತಿದ್ದಳು. “ಬರೋದು ತಡ ಮಾಡ್ತಾರೆ” ಎನ್ನುತ್ತಿದ್ದಳು, ಬಸ್ಸಿನ ಬಗ್ಗೆ ಹೇಳುವ ಹಾಗೆ. ಒಂದು ದಿನ ತಿರುವಿನಲ್ಲಿ ಕಾಯುತ್ತ ಕೂತು, ಟವರಿಗೆ ಹೋಗುವುದರೊಳಗೆ ಜನರೇಟರು ಒಣಗಿ ನಿಂತಿತು. ಪೇಟೆಯ ಫೋನುಗಳೆಲ್ಲ ಮೂಕವಾದವು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ಟವರಿನ ಕಂಪನಿಯಿಂದ ಬಂದವರು ಹೇಳಿ ಹೋದರು. ಕೆಲಸ ಹೋಗುವುದಕ್ಕಿಂತ ದೊಡ್ಡ ಭಯ ಪುಟ್ಟಿಗಿತ್ತು. ಯಾವತ್ತೋ ಒಂದು ದಿನ ಅತ್ತಿಗೆ ಆ ತಿರುವಿನಿಂದ ವಾಪಸು ಬರುವುದೇ ಇಲ್ಲವೇನೋ. ಅಲ್ಲೇ ಕೂತು, ಬಾಗಿಲು ತೆರೆದುಕೊಂಡು, ಮಂಜಿನ ಜೊತೆ ಮಂಜಾಗಿ.

ಇದೆಲ್ಲ ಆದಮೇಲೆ ಒಂದು ದಿನ ಊಟಕ್ಕೆ ಕೂತಾಗ ಅತ್ತಿಗೆ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: “ಗಾಡಿ ಎತ್ತರ ಮಾಡಿಸ್ತೀನಿ. ಆ ಬಂಡೆಗೆ ತಾಗಬಾರ್ದು.”

ಪುಟ್ಟಿಗೆ ಹೋದ ಜೀವ ಬಂದಂತಾಯಿತು. ತಾಗದಿದ್ದರೆ ನಿಲ್ಲಬೇಕಿಲ್ಲ, ನಿಲ್ಲದಿದ್ದರೆ ಕಾಯಬೇಕಿಲ್ಲ. ದೆವ್ವ ಬಿಡಿಸುವುದಕ್ಕಿಂತ ನಟ್ಟು ಬೋಲ್ಟು ಬಿಚ್ಚುವುದು ಸುಲಭ ಎಂದು ಅವಳು ಅಂದುಕೊಂಡಳು. ಹಾಗೆ ದೂರದ ಪೇಟೆಯ ಈ ಗ್ಯಾರೇಜನ್ನು ವಿಚಾರಿಸಿ ಕರೆತಂದವಳೂ ಅವಳೇ. ದಾರಿ ತೋರಿಸಲು ಅವಳು ಎಡಗಡೆಯ ಸೀಟಿನಲ್ಲಿ ಕೂತಾಗ, ಬೆಟ್ಟದ ದಾರಿ ಅಲ್ಲದ್ದರಿಂದಲೋ ಏನೋ, ಅತ್ತಿಗೆ ಬೇಡವೆನ್ನಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಲಿಫ್ಟ್ ಕೊಡುತ್ತಿದ್ದ ಡೀಸೆಲಕ್ಕ ಈಗ ತಾನೇ ತನ್ನ ಗಾಡಿಗೆ ಲಿಫ್ಟ್ ಕೇಳಿಕೊಂಡು ಬಂದಿದ್ದಳು.

ಮೇಸ್ತ್ರಿ ಜೀಪಿನ ಅಡಿಯಲ್ಲಿ ಮಲಗಿ, ಟಾರ್ಚು ಬಿಟ್ಟು, ಬಹಳ ಹೊತ್ತು ನೋಡಿದ. ಎದ್ದು ಕೈ ಒರೆಸಿಕೊಂಡ.

“ಎಡಗಡೆ ಪಟ್ಟಿಗಳು ಪೂರ್ತಿ ಚಪ್ಪಟೆ ಆಗಿವೆ. ವರ್ಷಗಟ್ಟಲೆ ಭಾರ ಹೊತ್ತಿವೆ ಅಲ್ವಾ? ಕಬ್ಬಿಣಾನೇ ಆಗ್ಲಿ, ಒಂದೇ ಕಡೆ ಅಷ್ಟು ದಿನ ಭಾರ ಕೂತ್ರೆ ಅದನ್ನ ಮರೆಯಲ್ಲ. ಭಾರ ಇಳಿಸಿದ್ರೂ ಬಗ್ಗೇ ಇರುತ್ತೆ.”

ಅತ್ತಿಗೆ ತಲೆಯಾಡಿಸಿದಳು.

ಮೇಸ್ತ್ರಿ ಬೆಂಚಿನ ಮೇಲೆ ಸಾಮಾನು ಹರಡಿದ. ಮದುವೆಯ ಸೀರೆ ತೋರಿಸುವವನ ಉತ್ಸಾಹ. ಒಂದು, ಬರೀ ಕಬ್ಬಿಣದ ದಿಮ್ಮಿ. ಹಳೆಯ ಪಟ್ಟಿಯ ಜೊತೆಗೇ ಇಟ್ಟು ಗಾಡಿಯನ್ನು ಮೇಲಕ್ಕೆ ಎತ್ತುವುದು. “ಇದು ಹೈಹೀಲ್ಸ್ ಹಾಕಿದ ಹಾಗೆ. ಎತ್ತರ ಕಾಣ್ತೀರಿ, ಕಾಲು ನೋಯುತ್ತೆ. ಬೇಡ.” ಇನ್ನೊಂದು, ನಾಲ್ಕು ಇಂಚು ಎತ್ತುವ ಕಿಟ್ಟು. “ಇದು ಶೋಕಿಗೆ. ಕಣಿವೆ ಕಡೆ ಗಾಡಿ ಓಡಿಸ್ತೀರಿ ಅಂತೀರಿ. ಅಷ್ಟು ಎತ್ತರ ಆದ್ರೆ ತಿರುವಲ್ಲಿ ತೂಗಾಡುತ್ತೆ, ಮಗುಚಿಕೊಂಡ್ರೆ ಮೇಸ್ತ್ರೀನ ಬಯ್ಯೋಕೂ ನೀವಿರಲ್ಲ.” ಮೂರನೆಯದು, ಎರಡು ಇಂಚಿನ ಪೂರ್ತಿ ಕಿಟ್ಟು: ನಾಲ್ಕೂ ಕಡೆಗೆ ಹೊಸ ಪಟ್ಟಿಗಳು, ಕುಲುಕಾಟ ತಡೆಯುವ ಹೊಸ ಶಾಕುಗಳು. “ಹಳೇ ಶಾಕು ಹೊಸ ಪಟ್ಟಿ ಜೊತೆ ಹೊಂದಲ್ಲ ಅಕ್ಕಾ, ಎರಡೂ ಬದಲಾಯಿಸ್ಬೇಕು.”

“ಹಳೇ ಶಾಕಿಂದ ನಾನಿನ್ನೂ ಎದ್ದಿಲ್ಲ ಮೇಸ್ತ್ರಿ” ಎಂದಳು ಅತ್ತಿಗೆ.

ಮೇಸ್ತ್ರಿ ಜೋಕೆಂದು ನಕ್ಕ. ಪುಟ್ಟಿ ಚಹಾದ ಲೋಟದೊಳಗೆ ನೋಡಿದಳು.

“ಪಟ್ಟಿ ಎಷ್ಟು ಗಟ್ಟಿ ಇರ್ಬೇಕು ಅನ್ನೋದೇ ಮುಖ್ಯ. ಯಾವಾಗ್ಲೂ ಇರೋ ಭಾರಕ್ಕೆ ತಕ್ಕ ಹಾಗೆ ಆರಿಸ್ಬೇಕು. ಭಾರ ಇದ್ದು ಪಟ್ಟಿ ಮೆತ್ತಗಿದ್ರೆ ಕುಸಿಯುತ್ತೆ. ಪಟ್ಟಿ ಗಟ್ಟಿ ಇದ್ದು ಭಾರಾನೇ ಇಲ್ದಿದ್ರೆ ಗಾಡಿ ನಿಮ್ಮನ್ನ ಎತ್ತೆತ್ತಿ ಹಾಕುತ್ತೆ. ಹೇಳಿ, ಮಾಮೂಲಾಗಿ ಏನೇನು ಇರುತ್ತೆ ಗಾಡೀಲಿ?”

“ಹಿಂದೆ ಡೀಸೆಲ್ ಕ್ಯಾನು. ಬಲಗಡೆ ನಾನು.” ಅತ್ತಿಗೆ ಜೀಪಿನತ್ತ ನೋಡಿದಳು. “ಎಡಗಡೆ ನಮ್ಮೆಜಮಾನ್ರು.”

ಪುಟ್ಟಿಗೆ ಚಹಾ ನೆತ್ತಿಗೇರಿತು.

“ಅವರು ದಪ್ಪಾನಾ?”

“ಇವಳಣ್ಣ. ಇವಳಿಗಿಂತ ಒಂದು ಕೈ ಮೇಲೆ. ನೂರು ಕಿಲೋ ಅಂತ ಇಟ್ಕೊಳ್ಳಿ.”

“ಯಾವಾಗ್ಲೂ ಜೊತೇಲಿರ್ತಾರಾ?”

“ಯಾವಾಗ್ಲೂ.”

“ಹಾಗಾದ್ರೆ ಎಡಗಡೆಗೆ ಒಂದು ಪಟ್ಟಿ ಜಾಸ್ತಿ ಹಾಕ್ತೀನಿ. ಅವರು ಕೂತ್ರೆ ಗಾಡಿ ತಕ್ಕಡಿ ಹಿಡಿದ ಹಾಗೆ ಸಮ ಇರ್ಬೇಕು.”

“ಅವರು ಕೂತಿದ್ರೂ ಬಂಡೆಗೆ ತಾಗಬಾರ್ದು” ಎಂದಳು ಅತ್ತಿಗೆ. “ಅಷ್ಟೇ ಸಾಕು. ಅವರು ಇಳಿಯೋ ಹಾಗಾಗ್ಬಾರ್ದು.”

ಆಗ ಪುಟ್ಟಿಗೆ ಎಲ್ಲ ಬಿಡಿಸಿ ಹೇಳಿದಂತೆ ಅರ್ಥವಾಯಿತು. ಅತ್ತಿಗೆ ಗಾಡಿ ಎತ್ತಿಸುತ್ತಿರುವುದು ಕಾಯುವುದನ್ನು ಬಿಡುವುದಕ್ಕಲ್ಲ. ಅವನನ್ನು ಇನ್ನೆಂದೂ ಇಳಿಸದಿರುವುದಕ್ಕೆ. ಅವನನ್ನು ಕೂರಿಸಿಕೊಂಡೇ ಒಂದು ಸಲ ಆ ಬಂಡೆ ದಾಟಿಬಿಡುವುದಕ್ಕೆ. ಪುಟ್ಟಿ ಬಾಯಿ ತೆರೆದು, ಮೇಸ್ತ್ರಿ, ನಮ್ಮಣ್ಣ ಇಲ್ಲ ಎನ್ನಬೇಕಿತ್ತು. ಹಾಗೆ ಹೇಳಲು ಎರಡೇ ಮಾತು ಸಾಕು. ಆದರೆ ಅಣ್ಣ ಹೋದಮೇಲೆ ಮೊದಲ ಬಾರಿ ಯಾರೋ ಒಬ್ಬರು ಅವನ ತೂಕ ಕೇಳಿದ್ದರು, ಅವನು ಕೂತರೆ ಹೇಗಿರಬೇಕು ಎಂದು ಯೋಚಿಸುತ್ತಿದ್ದರು. ಇನ್ನು ಸ್ವಲ್ಪ ಹೊತ್ತು ಅದು ನಡೆಯಲಿ ಎನ್ನಿಸಿತು ಅವಳಿಗೆ. ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು.

ಆ ವಾರ ಟವರಿಗೆ ಡೀಸೆಲನ್ನು ಬಾಡಿಗೆ ಜೀಪಿನವನೊಬ್ಬ ಮುಟ್ಟಿಸಿದ. ಮುಂದಿನ ವಾರ ಇಬ್ಬರೂ ಗಾಡಿ ತರಲು ಹೋದರು. ಜೀಪು ಅಂಗಳದ ನಡುವೆ ನಿಂತಿತ್ತು. ಎತ್ತರವೇನೋ ಆಗಿತ್ತು, ಆದರೆ ಎಡಭುಜವನ್ನು ಇನ್ನೂ ಮೇಲಕ್ಕೆ ಎತ್ತಿ, ಗೊತ್ತಿಲ್ಲ ಎಂದು ಹೇಳುವವನ ಹಾಗೆ, ಬಲಕ್ಕೆ ವಾಲಿಕೊಂಡಿತ್ತು. ಪುಟ್ಟಿ ಅಭ್ಯಾಸ ಬಲದಿಂದ ಟೇಪು ತೆಗೆದು ಎರಡೂ ಕಡೆ ಚಕ್ರದ ಮೇಲಿನ ಸಂದು ಅಳೆದಳು. ಅಂಗಿಯಾಗಿದ್ದರೆ ಗಿರಾಕಿ ಮುಖದ ಮೇಲೆ ಎಸೆದು ಹೋಗುವಷ್ಟು ವ್ಯತ್ಯಾಸ.

“ಈಗ ಹೀಗೇ ಕಾಣೋದು” ಎಂದ ಮೇಸ್ತ್ರಿ. “ಭಾರ ಬಿದ್ರೆ ಸರಿ ಹೋಗುತ್ತೆ. ಎಲ್ಲಿ, ಯಜಮಾನ್ರನ್ನ ಕರ್ಕೊಂಡು ಬಂದಿಲ್ವಾ? ಅವರನ್ನ ಕೂರಿಸಿ ಒಂದ್ಸಲ ನೋಡ್ಬೇಕಲ್ಲ.”

ಅತ್ತಿಗೆ ಜೀಪಿನ ಎದುರಿಗೆ ಹೋದಳು. ಎದ್ದು ನಿಂತ ಎಡಗಡೆಯನ್ನೇ ನೋಡುತ್ತ ನಿಂತಳು. ಇಷ್ಟು ದಿನ ಮನೆಯ ಮುಂದೆ, ಬೆಟ್ಟದ ಮೇಲೆ, ತಿರುವಿನಲ್ಲಿ, ಈ ಜೀಪೊಂದೇ ಅವಳ ಪರ ಸಾಕ್ಷಿಯಾಗಿತ್ತು. ಇದ್ದಾರೆ, ಕೂತಿದ್ದಾರೆ ಎಂದು ಒಂದು ಕಡೆ ಬಗ್ಗಿ ಹೇಳುತ್ತಿತ್ತು. ಈಗ ಅದೇ ಜೀಪು, ಅವನಿಗೆಂದೇ ಆರಿಸಿದ ಪಟ್ಟಿಯ ಮೇಲೆ, ಅವನಿಗೆಂದೇ ಬಿಟ್ಟ ಎತ್ತರದಲ್ಲಿ, ಖಾಲಿ ಸೀಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಿತ್ತು.

“ಅಕ್ಕಾ, ಯಜಮಾನ್ರು?” ಎಂದು ಮೇಸ್ತ್ರಿ ಮತ್ತೆ ಕೇಳಿದ.

“ಕೂತಿಲ್ಲ ಅಂತ ಕಾಣುತ್ತೆ” ಎಂದಳು ಅತ್ತಿಗೆ, ಬಹಳ ನಿಧಾನಕ್ಕೆ.

ಪುಟ್ಟಿ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಹೇಳಿದಳು. ಅವನ ಕೈಯಲ್ಲಿದ್ದ ಸ್ಪ್ಯಾನರು ಬೀಳಲಿಲ್ಲ, ಆದರೆ ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕಿಸೆಗೆ ಹಾಕಲು ನೋಡಿದ, ಹೋಗಲಿಲ್ಲ.

“ಅವತ್ತೇ ಹೇಳ್ಬಾರ್ದಿತ್ತೇನಮ್ಮ? ಇಲ್ಲದವರ ಭಾರಕ್ಕೆ ಪಟ್ಟಿ ಕಟ್ಟಿದ್ದೀನಲ್ಲ ನಾನು!” ಆಮೇಲೆ ಅತ್ತಿಗೆಯ ಹತ್ತಿರ ಹೋಗಿ, ದನಿ ತಗ್ಗಿಸಿ, “ಆ ಜಾಸ್ತಿ ಪಟ್ಟಿ ಈಗ್ಲೇ ಬಿಚ್ಚಿಬಿಡ್ತೀನಿ ಅಕ್ಕಾ. ಹೀಗೆ ಓಡಿಸೋದು ಬೇಡ, ಬಲಗಡೆ ಕಣಿವೆ ಅಂತೀರಿ” ಎಂದ.

“ಮೊದಲು ಒಂದ್ಸಲ ಮೇಲೆ ಹೋಗಿ ಬರ್ತೀನಿ. ಆಮೇಲೆ ಬಿಚ್ಚಿ.”

ಎಷ್ಟು ಹೇಳಿದರೂ ಕೇಳಲಿಲ್ಲ. ಪುಟ್ಟಿ ಎಡಗಡೆ ಹತ್ತಿ ಕೂತಳು. ಜೀಪು ನಿಟ್ಟುಸಿರು ಬಿಟ್ಟು ಬಹುಮಟ್ಟಿಗೆ ಸಮವಾಯಿತು. ಮೇಸ್ತ್ರಿಗೆ ಸ್ವಲ್ಪ ಸಮಾಧಾನವಾಗಿ, ಆದರೂ ಮನಸ್ಸು ತಡೆಯದೆ, ತನ್ನ ಬೈಕಿನಲ್ಲಿ ಹಿಂದೆಯೇ ಬಂದ. ಬೆಟ್ಟದ ಬುಡದ ಚಹಾದಂಗಡಿಯ ಮುಂದೆ ಅತ್ತಿಗೆ ಗಾಡಿ ನಿಲ್ಲಿಸಿದಳು.

“ನೀನು ಇಲ್ಲೇ ಇರು.”

“ಅತ್ತಿಗೆ, ನಾನಿದ್ರೆ ಗಾಡಿ ಸಮ ಇರುತ್ತೆ.”

“ಗೊತ್ತು. ಆ ಜಾಗ ಖಾಲಿ ಇರ್ಬೇಕು ಇವತ್ತು.”

ಜೀಪು ಬಲಕ್ಕೆ ವಾಲಿಕೊಂಡು ತಿರುವಿನಲ್ಲಿ ಮರೆಯಾಯಿತು. ಪುಟ್ಟಿ ಬೆಂಚಿನ ತುದಿಯಲ್ಲಿ ಕೂತು ಕಿವಿಗೊಟ್ಟಳು. ಬಂಡೆಗೆ ಅಡಿ ತಾಗಿದರೆ ಆ ಸದ್ದು ಬುಡದವರೆಗೂ ಕೇಳುತ್ತದೆ. ಕೇಳಲಿಲ್ಲ. ಎಂಜಿನ್ನಿನ ಸದ್ದು ನಿಂತರೂ ಗೊತ್ತಾಗುತ್ತದೆ. ಆದರೆ ಗಾಳಿ ಎದ್ದು, ಸದ್ದು ನಿಂತಿತೋ, ದೂರವಾಯಿತೋ, ತಿಳಿಯಲಿಲ್ಲ. ಮೇಸ್ತ್ರಿ ಚಹಾ ತರಿಸಿದ, ಕುಡಿಯಲಿಲ್ಲ. “ಎಡಗಡೆ ಎದ್ದಿದೆ, ಬಲಗಡೆ ಕಣಿವೆ” ಎಂದು ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದ. ಬೆಟ್ಟದ ನೆತ್ತಿಯಿಂದ ಮಂಜು ಇಳಿಯತೊಡಗಿತು. ಬರಬೇಕಾದ ಹೊತ್ತು ಮೀರಿತು. ಅದರ ಮೇಲೂ ಹೊತ್ತು ಹೋಯಿತು.

“ನಾನು ನೋಡ್ಕೊಂಡು ಬರ್ತೀನಿ” ಎಂದು ಪುಟ್ಟಿ ಎದ್ದಳು.

“ಬೈಕಲ್ಲಿ ಬಿಡ್ತೀನಿ ಇರಮ್ಮ.”

“ಈ ಕಲ್ಲಲ್ಲಿ ನಿಮ್ಮ ಬೈಕು ನನ್ನನ್ನ ಹೊರಲ್ಲ ಮೇಸ್ತ್ರಿ. ನೀವು ಇಲ್ಲೇ ಇರಿ.”

ಅಷ್ಟು ದಿನದಲ್ಲಿ ಅವಳು ಆ ದಾರಿಯಲ್ಲಿ ಒಮ್ಮೆಯೂ ನಡೆದಿರಲಿಲ್ಲ. ಮೊದಲ ತಿರುವಿನಲ್ಲೇ ಉಸಿರು ಮೇಲೆ ಕೆಳಗೆ ಆಯಿತು. ಮಂಡಿ ಕಟ್ಟಿತು. ಅಣ್ಣನ ಮೈಯೇ ಅವಳದ್ದೂ. ಅವನ ಕಾಲು ಎಲ್ಲಿ ಜಾರಿರಬಹುದೋ ಅಲ್ಲೇ ಇವಳದ್ದೂ ಜಾರಿತು, ಅವನು ಎಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿರಬಹುದೋ ಅಲ್ಲೇ ಇವಳೂ ನಿಂತಳು. ನಿಂತಾಗ ಹಿಂದೆ ಯಾರದೋ ಏದುಸಿರು ಕೇಳಿಸಿತು. ಅವಳು ಉಸಿರು ಹಿಡಿದಳು. ಅದೂ ನಿಂತಿತು. ಬಿಟ್ಟಳು. ಅದೂ ಬಿಟ್ಟಿತು. ತನ್ನದೇ ಇರಬೇಕು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ನೋಡಿದರೆ ಅಲ್ಲಿ ಇರುತ್ತಾನೆಂಬ ಭಯವೋ, ಇರುವುದಿಲ್ಲವೆಂಬ ಭಯವೋ, ಅದೂ ಗೊತ್ತಾಗಲಿಲ್ಲ.

“ಬಾ ಅಣ್ಣಾ, ಇನ್ನೇನು ಬಂತು” ಎಂದಳು, ಮಂಜಿಗೆ.

ಬಂಡೆ ಬಂತು. ಅದರ ಬೆನ್ನಿನ ಮೇಲೆ ಹಳೆಯ ಗೀರುಗಳು ತುಂಬಿದ್ದವು, ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಹೊಸದೊಂದೂ ಇರಲಿಲ್ಲ. ಎರಡೂ ಕಡೆ ಒದ್ದೆ ಮಣ್ಣಿನಲ್ಲಿ ಟೈರಿನ ಗುರುತು ಎಲ್ಲೂ ನಿಲ್ಲದೆ ಮೇಲಕ್ಕೆ ಹೋಗಿತ್ತು. ಪುಟ್ಟಿ ಬಂಡೆಯ ಮೇಲೆ ಕೂತಳು. ಇನ್ನು ಒಂದು ಹೆಜ್ಜೆ ಇಡಲೂ ಆಗುತ್ತಿರಲಿಲ್ಲ. ಎದೆ ಡಬಡಬ ಬಡಿಯುತ್ತಿತ್ತು. ಆ ದಿನ ಅವನಿಗೆ ಇದಕ್ಕಿಂತ ಜೋರಾಗಿ ಬಡಿದಿರಬೇಕು. ಹಾರ್ನು ಬೇರೆ ಕೇಳಿಸಿರಬೇಕು. ಬಂದೆ ಕಣೆ, ಬಂದೆ ಎಂದಿರಬೇಕು. ಅಷ್ಟು ದಿನ ಒಳಗೇ ಉಳಿದಿದ್ದು ಈಗ ಎಲ್ಲ ಒಟ್ಟಿಗೆ ಬಂತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತಿಗೆಯ ಮೇಲಿನ ಸಿಟ್ಟು ಅದರಲ್ಲಿ ಎಷ್ಟಿತ್ತೋ, ಎಲ್ಲ ಅಲ್ಲೇ ಖಾಲಿಯಾಯಿತು.

ಮೇಲಿನಿಂದ ಎಂಜಿನ್ನಿನ ಸದ್ದು ಬಂತು. ಮಂಜಿನೊಳಗಿಂದ ಎರಡು ಹಳದಿ ದೀಪಗಳು, ಒಂದು ಮೇಲೆ ಒಂದು ಕೆಳಗೆ, ಸೊಟ್ಟಗೆ ಇಳಿದು ಬಂದವು. ಜೀಪು ಅವಳ ಎದುರಿಗೆ ನಿಂತಿತು. ಅತ್ತಿಗೆ ಅಡ್ಡ ಬಾಗಿ ಎಡಗಡೆಯ ಬಾಗಿಲು ತೆಗೆದಳು. ಅವಳ ಮುಖದ ಮೇಲೆ ಗಾಬರಿಯಿತ್ತು, ಕೆನ್ನೆಯ ಮೇಲೆ ಒಂದು ಮಸಿಯ ಗೆರೆಯಿತ್ತು.

ಪುಟ್ಟಿ ಹತ್ತಲಿಲ್ಲ. ಬಾಗಿಲು ಹಿಡಿದು ಆ ಸೀಟನ್ನು ನೋಡಿದಳು. ಕೈ ಮುಂದೆ ಮಾಡಿ ರೆಕ್ಸಿನ್ ಮುಟ್ಟಿದಳು. ಬೆಚ್ಚಗಿತ್ತೋ, ತನ್ನ ಕೈಯೇ ತಣ್ಣಗಿತ್ತೋ. ಎಂದೂ ಕೇಳಲಾಗದ್ದನ್ನು ಕೊನೆಗೂ ಪಿಸುದನಿಯಲ್ಲಿ ಕೇಳಿದಳು.

“ಅತ್ತಿಗೆ… ಈ ಬಂಡೆ ಹತ್ರ ಅಣ್ಣ ಇಳಿದ್ನಾ? ಇಲ್ಲಾ, ಕೂತೇ ಬಂದ್ನಾ?”

ಅತ್ತಿಗೆ ಬಂಡೆಯನ್ನು ನೋಡಿದಳು, ಯಾರದೋ ಮನೆಯ ಮೆಟ್ಟಿಲು ನೋಡಿದಂತೆ.

“ಓ, ಇಲ್ಲೇನಾ ಅದು? ದಾಟಿದ್ದೇ ಗೊತ್ತಾಗ್ಲಿಲ್ಲ ಕಣೆ. ಮೇಲೆ ಜನರೇಟರ್ ಬಿಚ್ಚಿ ಕಟ್ಟೋದ್ರಲ್ಲಿ ಇಷ್ಟು ಹೊತ್ತಾಯ್ತು. ಆಮೇಲೆ ನೋಡಿದ್ರೆ, ಡೀಸೆಲ್ ಕ್ಯಾನುಗಳನ್ನೇ ಹಾಕ್ಕೊಂಡು ಬಂದಿಲ್ಲ.”